ಊರು ಕಟ್ಟುವವರಿಗೆ ಊರುಗೋಲು ಯಾರು?

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ ಸಮುದಾಯ ಕಾರ್ಯಕ್ರಮ ವ್ಯವಸ್ಥಾಪಕರ ಹೊಣೆ ದೊಡ್ಡದು, ನೆಲೆ ಮಾತ್ರ ಅಭದ್ರ

ಕುಂದಾಪುರ: ಸರಕಾರದ ಯೋಜನೆಯೊಂದು ರಾಜಧಾನಿಯಲ್ಲಿ ರೂಪುಗೊಂಡು ಘಟ್ಟದ ಬುಡದ ಮನೆಯನ್ನೋ ಕಡಲಂಚಿನ ಕೇರಿಯನ್ನೋ ತಲುಪುವ ಹೊತ್ತಿಗೆ ಹಲವು ಮೇಜುಗಳನ್ನು ದಾಟಿರುತ್ತದೆ. ಈ ಹಾದಿಯ ಕೊನೆಯ ಮೇಜಿನಲ್ಲಿ ಕುಳಿತವರು ಯಾರು ಎಂಬುದು ಸಾಮಾನ್ಯವಾಗಿ ಚರ್ಚೆಗೆ ಬರುವುದಿಲ್ಲ. ಶಾಸಕರು, ತಹಶೀಲ್ದಾರರು, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಸುದ್ದಿಯಲ್ಲಿರುತ್ತಾರೆ. ಆದರೆ ಮಹಿಳೆಯರ ಗುಂಪುಗಳನ್ನು ಕಟ್ಟುವ, ಬ್ಯಾಂಕಿನ ಬಾಗಿಲು ತೆರೆಸುವ, ಗ್ರಾಮಸಭೆಯಲ್ಲಿ ಮಾತನಾಡಲು ಜನರನ್ನು ಸಿದ್ಧಗೊಳಿಸುವ ಕೆಲಸವನ್ನು ನಿರ್ವಹಿಸುವ ಸಮುದಾಯ ಕಾರ್ಯಕ್ರಮ ವ್ಯವಸ್ಥಾಪಕರು ವರದಿಗಳ ಅಡಿಟಿಪ್ಪಣಿಯಲ್ಲಷ್ಟೇ ಕಾಣಸಿಗುತ್ತಾರೆ.

ಹೆಸರು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಸರಕಾರದ ಸಂಜೀವಿನಿ ಅಭಿಯಾನದಲ್ಲಿ ತಾಲೂಕು ಕಾರ್ಯಕ್ರಮ ವ್ಯವಸ್ಥಾಪಕರು, ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯಲ್ಲಿ ಯೋಜನಾಧಿಕಾರಿಗಳು, ಸಹಕಾರಿ ರಂಗದ ನವೋದಯ ಗುಂಪುಗಳಲ್ಲಿ ಪ್ರೇರಕರು, ಸ್ವಯಂಸೇವಾ ಸಂಸ್ಥೆಗಳಲ್ಲಿ ಸಂಯೋಜಕರು. ಕೆಲಸದ ತಿರುಳು ಮಾತ್ರ ಒಂದೇ. ಮೇಲಿನಿಂದ ಬರುವ ಗುರಿಗೂ ಕೆಳಗಿನಿಂದ ಬರುವ ಬೇಡಿಕೆಗೂ ನಡುವೆ ನಿಂತು ಎರಡನ್ನೂ ಹೊಂದಿಸುವುದು. ಉಡುಪಿ ಜಿಲ್ಲೆಯ ಉತ್ತರ ಭಾಗದ ಈ ಮೂರು ತಾಲೂಕುಗಳಲ್ಲಿ ಇಂಥ ಕೆಲಸಕ್ಕೆ ದೀರ್ಘ ಇತಿಹಾಸವಿದೆ. ಆದರೆ ಅದನ್ನು ನಿರ್ವಹಿಸುವವರ ಸ್ಥಾನ ಇಂದಿಗೂ ತಾತ್ಕಾಲಿಕವಾಗಿಯೇ ಉಳಿದಿದೆ. ಈ ವೈರುಧ್ಯದ ಬೆಲೆಯನ್ನು ತೆರುತ್ತಿರುವವರು ಯಾರು ಎಂಬುದೇ ಈಗಿನ ಪ್ರಶ್ನೆ.

ಪಿಗ್ಮಿಯಿಂದ ಸಂಜೀವಿನಿಯವರೆಗೆ

ಮನೆಮನೆಗೆ ತೆರಳಿ ಜನರ ಆರ್ಥಿಕ ಬದುಕನ್ನು ಕಟ್ಟುವ ಪರಂಪರೆ ಈ ಸೀಮೆಗೆ ಹೊಸತಲ್ಲ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತು. ದಿನಕ್ಕೆ ಎರಡು ಆಣೆಯಷ್ಟು ಸಣ್ಣ ಮೊತ್ತವನ್ನೂ ಏಜೆಂಟರು ಮನೆ ಬಾಗಿಲಿಗೆ ಹೋಗಿ ಸಂಗ್ರಹಿಸುತ್ತಿದ್ದರು. ಯಾರ ಮನೆಯಲ್ಲಿ ಮದುವೆ, ಯಾರಿಗೆ ಬೆಳೆ ನಷ್ಟ, ಯಾರ ಮಗ ಮುಂಬಯಿಗೆ ಹೋದ ಎಂಬುದೆಲ್ಲ ಪಿಗ್ಮಿ ಸಂಗ್ರಾಹಕನಿಗೆ ತಿಳಿದಿರುತ್ತಿತ್ತು. ಬ್ಯಾಂಕಿನ ಪುಸ್ತಕದಲ್ಲಿ ಬರೆಯಲಾಗದ ಈ ತಿಳಿವಳಿಕೆಯೇ ಸಾಲ ನೀಡುವಾಗ ಭದ್ರತೆಯ ಕೆಲಸ ಮಾಡುತ್ತಿತ್ತು.

1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯಿದೆ ಅವಿಭಜಿತ ದಕ್ಷಿಣ ಕನ್ನಡದ ಗೇಣಿದಾರರನ್ನು ಭೂಮಾಲೀಕರನ್ನಾಗಿ ಮಾಡಿತು. ಭೂಮಿ ದೊರೆತರೂ ಅದನ್ನು ಅಭಿವೃದ್ಧಿಪಡಿಸುವ ಬಂಡವಾಳ ಸಣ್ಣ ಹಿಡುವಳಿದಾರರ ಬಳಿ ಇರಲಿಲ್ಲ. 1982ರಲ್ಲಿ ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಬೆಳ್ತಂಗಡಿಯಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಈ ಕೊರತೆಯನ್ನು ಗುರುತಿಸಿತು. ಸಣ್ಣ ರೈತರು ಸರದಿಯಂತೆ ಒಬ್ಬರ ಹೊಲದಲ್ಲಿ ಮತ್ತೊಬ್ಬರು ದುಡಿಯುವ ಪ್ರಗತಿಬಂಧು ಗುಂಪುಗಳು ಇಲ್ಲಿ ರೂಪುಗೊಂಡವು. ಮುಂದೆ ಈ ಯೋಜನೆ ಉಡುಪಿ ಜಿಲ್ಲೆಗೂ ವಿಸ್ತರಿಸಿ, ಬ್ಯಾಂಕ್‌ಗಳ ವ್ಯವಹಾರ ಪ್ರತಿನಿಧಿಯಾಗಿ ಬೆಳೆಯಿತು.

ಸ್ವಸಹಾಯ ಗುಂಪಿನ ಕಲ್ಪನೆಯೂ ಬಹುಮಟ್ಟಿಗೆ ಕರ್ನಾಟಕದ ಕೊಡುಗೆಯೇ. 1980ರ ದಶಕದ ಮಧ್ಯಭಾಗದಲ್ಲಿ ಮೈರಾಡ ಸಂಸ್ಥೆ ಕಟ್ಟಿದ ಗುಂಪುಗಳ ಅನುಭವವನ್ನು ಆಧರಿಸಿ ನಬಾರ್ಡ್ 1992ರಲ್ಲಿ ಗುಂಪುಗಳನ್ನು ಬ್ಯಾಂಕ್‌ಗಳಿಗೆ ಜೋಡಿಸುವ ಕಾರ್ಯಕ್ರಮವನ್ನು ಆರಂಭಿಸಿತು. 2000-01ರಲ್ಲಿ ರಾಜ್ಯ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹಳ್ಳಿಹಳ್ಳಿಯಲ್ಲಿ ಗುಂಪುಗಳು ಹುಟ್ಟಿದವು.

ಕೇಂದ್ರದ ಮಟ್ಟದಲ್ಲಿ 1999ರ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆ ನಿರೀಕ್ಷಿತ ಫಲ ನೀಡಲಿಲ್ಲ. ಅದರ ಲೋಪಗಳನ್ನು ಪರಿಶೀಲಿಸಿದ ಆರ್. ರಾಧಾಕೃಷ್ಣ ಸಮಿತಿ 2009ರಲ್ಲಿ ವರದಿ ನೀಡಿತು. ಇತರ ಕೆಲಸಗಳ ನಡುವೆ ಬಡತನ ನಿವಾರಣೆಯನ್ನೂ ನೋಡಿಕೊಳ್ಳುವ ಇಲಾಖಾ ಸಿಬ್ಬಂದಿಯಿಂದ ಗುಂಪುಗಳನ್ನು ಪೋಷಿಸಲು ಸಾಧ್ಯವಿಲ್ಲ, ಅದಕ್ಕೆಂದೇ ಮೀಸಲಾದ ವೃತ್ತಿಪರರ ವ್ಯವಸ್ಥೆ ಬೇಕು ಎಂಬ ತಿಳಿವಳಿಕೆ ಆಗ ಬಲಗೊಂಡಿತು. 2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಆರಂಭವಾದಾಗ ರಾಜ್ಯ, ಜಿಲ್ಲೆ ಮತ್ತು ತಾಲೂಕು ಮಟ್ಟದಲ್ಲಿ ಪ್ರತ್ಯೇಕ ವ್ಯವಸ್ಥಾಪಕರ ತಂಡಗಳು ಹುಟ್ಟಿಕೊಂಡದ್ದು ಈ ಹಿನ್ನೆಲೆಯಲ್ಲಿ. ಕರ್ನಾಟಕದಲ್ಲಿ ಅದೇ ಅಭಿಯಾನ ಸಂಜೀವಿನಿ ಎಂಬ ಹೆಸರು ಪಡೆಯಿತು. ಅದೀಗ ಕೌಶಲ್ಯಾಭಿವೃದ್ಧಿ, ಉದ್ಯಮಶೀಲತೆ ಮತ್ತು ಜೀವನೋಪಾಯ ಇಲಾಖೆಯ ಅಡಿಯಲ್ಲಿದೆ.

ಅಂದರೆ, ಈ ಹುದ್ದೆ ಆಕಸ್ಮಿಕವಾಗಿ ಸೃಷ್ಟಿಯಾದುದಲ್ಲ. ಹಿಂದಿನ ಯೋಜನೆ ಸೋತದ್ದೇ ಇಂಥವರು ಇಲ್ಲದ ಕಾರಣಕ್ಕೆ ಎಂಬ ಅರಿವಿನಿಂದ ಹುಟ್ಟಿದ್ದು. ಆ ಅರಿವು ನೇಮಕಾತಿಯ ನಿಯಮಗಳಲ್ಲಿ ಮಾತ್ರ ಕಾಣುವುದಿಲ್ಲ.

ಮೂರು ತಾಲೂಕು, ಹಲವು ಲೋಕ

1997ರಲ್ಲಿ ಉಡುಪಿ ಜಿಲ್ಲೆ ರಚನೆಯಾದಾಗ ಅದರಲ್ಲಿದ್ದುದು ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರೇ ತಾಲೂಕುಗಳು. 2018ರಲ್ಲಿ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಹೊಸ ತಾಲೂಕುಗಳಾದವು. ಫಲಕಗಳು ಬದಲಾದವು. ಆದರೆ ಗಡಿಗಳು ಒಂದಕ್ಕೊಂದು ಹೊಂದಲಿಲ್ಲ. ಬೈಂದೂರು ವಿಧಾನಸಭಾ ಕ್ಷೇತ್ರದಲ್ಲಿ ಕುಂದಾಪುರ ತಾಲೂಕಿನ ಗ್ರಾಮಗಳಿವೆ, ಕುಂದಾಪುರ ಕ್ಷೇತ್ರದಲ್ಲಿ ಬ್ರಹ್ಮಾವರ ತಾಲೂಕಿನ ಗ್ರಾಮಗಳಿವೆ. ಲೋಕಸಭೆಯ ಲೆಕ್ಕದಲ್ಲಿ ಬೈಂದೂರು ಶಿವಮೊಗ್ಗಕ್ಕೆ ಸೇರಿದರೆ, ಕುಂದಾಪುರ ಉಡುಪಿ-ಚಿಕ್ಕಮಗಳೂರಿಗೆ ಸೇರುತ್ತದೆ. ಒಂದು ಕೆಲಸಕ್ಕಾಗಿ ಯಾವ ಕಚೇರಿಯ ಬಾಗಿಲು ತಟ್ಟಬೇಕು ಎಂಬುದನ್ನು ತಿಳಿಯುವುದೇ ಇಲ್ಲಿ ಒಂದು ವಿದ್ಯೆ.

ಭೂಗೋಳ ಇನ್ನೂ ಜಟಿಲ. ಪಶ್ಚಿಮಕ್ಕೆ ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಪೇಟೆಗಳು, ಬಂದರುಗಳು, ಬ್ಯಾಂಕ್ ಶಾಖೆಗಳು. ಪೂರ್ವಕ್ಕೆ ಅಮಾಸೆಬೈಲು, ಹೊಸಂಗಡಿ, ಜಡ್ಕಲ್, ಮುದೂರಿನಂಥ ಘಟ್ಟದಂಚಿನ ಗ್ರಾಮಗಳು. ಅಲ್ಲಿ ಮನೆಯಿಂದ ಮನೆಗೆ ಗುಡ್ಡ, ತೋಡು, ಹೊಳೆ. ಸೌಪರ್ಣಿಕಾ, ಚಕ್ರಾ, ವಾರಾಹಿ ನದಿಗಳು ಮಳೆಗಾಲದಲ್ಲಿ ಒಂದೇ ಗ್ರಾಮವನ್ನು ಎರಡು ಮೂರು ತುಂಡಾಗಿ ಒಡೆಯುತ್ತವೆ.

ಭಾಷೆಯೂ ಹಾಗೆಯೇ. ಬಹುತೇಕ ಕಡೆ ಕುಂದಗನ್ನಡ, ಬ್ರಹ್ಮಾವರದ ದಕ್ಷಿಣಕ್ಕೆ ತುಳು, ಗಂಗೊಳ್ಳಿಯ ಖಾರ್ವಿ ಕೇರಿಗಳಲ್ಲಿ ಕೊಂಕಣಿ, ಶಿರೂರಿನಲ್ಲಿ ನವಾಯತರ ಮಾತು. ಪುಸ್ತಕದ ಕನ್ನಡದಲ್ಲಿ ಬರುವ ಸುತ್ತೋಲೆಯನ್ನು ಸಭೆಯಲ್ಲಿ ಓದಿದರೆ ಸಾಲದು, ‘ಹೌದಾ, ಹಂಗಂದ್ರೆ ಎಂತ?’ ಎಂಬ ಪ್ರಶ್ನೆಗೆ ಅವರದೇ ಮಾತಿನಲ್ಲಿ ಉತ್ತರಿಸಬೇಕು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ, ಉಡುಪಿಯಲ್ಲೇ ಹುಟ್ಟಿದ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನಗೊಂಡವು. ಬೇರೆ ರಾಜ್ಯಗಳಿಂದ ಬರುವ ಶಾಖಾ ಅಧಿಕಾರಿಗೆ ಕನ್ನಡವೇ ಬಾರದಿರುವಾಗ ಗುಂಪಿನ ಮಹಿಳೆಯರಿಗೂ ಬ್ಯಾಂಕಿಗೂ ನಡುವೆ ಭಾಷಾಂತರ ಮಾಡುವ ಹೊಣೆಯೂ ಕ್ಷೇತ್ರ ಸಿಬ್ಬಂದಿಯ ಹೆಗಲೇರುತ್ತದೆ.

ಅಂಕಿ-ಅಂಶಗಳಲ್ಲಿ ಉಡುಪಿ ಮುಂದುವರಿದ ಜಿಲ್ಲೆ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 11.77 ಲಕ್ಷ, ಸಾಕ್ಷರತೆ ಶೇ. 86ಕ್ಕೂ ಹೆಚ್ಚು, ಪ್ರತಿ ಸಾವಿರ ಪುರುಷರಿಗೆ 1,094 ಮಹಿಳೆಯರು. ಈ ಕೊನೆಯ ಸಂಖ್ಯೆಯನ್ನು ಹೆಮ್ಮೆಯಿಂದ ಉಲ್ಲೇಖಿಸುವ ರೂಢಿಯಿದೆ. ಆದರೆ ಅದರ ಹಿಂದೆ ಮುಂಬಯಿ, ಬೆಂಗಳೂರುಗಳ ಹೋಟೆಲ್‌ಗಳಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೊರಟುಹೋದ ಗಂಡಸರ ಕಥೆಯೂ ಇದೆ. ಊರಿನಲ್ಲಿ ಉಳಿದು ಮನೆ, ತೋಟ, ಸಾಲ, ಮಕ್ಕಳ ಶಾಲೆ ಎಲ್ಲವನ್ನೂ ನಿಭಾಯಿಸುವವರು ಮಹಿಳೆಯರು. ಸಮುದಾಯ ಕಾರ್ಯಕ್ರಮಗಳೆಲ್ಲ ಅವರನ್ನೇ ಅವಲಂಬಿಸಿರುವುದಕ್ಕೆ ಇದೂ ಒಂದು ಕಾರಣ.

ಕೆಲಸದ ಸ್ವರೂಪ

ಸಂಜೀವಿನಿಯ ವ್ಯವಸ್ಥೆ ಮೆಟ್ಟಿಲುಗಳಂತಿದೆ. ಹತ್ತರಿಂದ ಇಪ್ಪತ್ತು ಮಹಿಳೆಯರ ಸ್ವಸಹಾಯ ಗುಂಪು, ಅದರ ಮೇಲೆ ವಾರ್ಡ್ ಮಟ್ಟದ ಒಕ್ಕೂಟ, ಅದರ ಮೇಲೆ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟ. ಒಕ್ಕೂಟದಲ್ಲಿ ಮುಖ್ಯ ಪುಸ್ತಕ ಬರಹಗಾರರು, ಸ್ಥಳೀಯ ಸಂಪನ್ಮೂಲ ವ್ಯಕ್ತಿಗಳು, ಕೃಷಿ ಸಖಿ, ಪಶು ಸಖಿಯರು ಇರುತ್ತಾರೆ. ಅವರಿಗೆ ಮಾರ್ಗದರ್ಶನ ನೀಡಲು ವಲಯ ಮೇಲ್ವಿಚಾರಕರು, ಅವರ ಮೇಲೆ ತಾಲೂಕು ಕಾರ್ಯಕ್ರಮ ವ್ಯವಸ್ಥಾಪಕರು. ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲಿಕ ಮರುಪಾವತಿ, ಪುಸ್ತಕ ನಿರ್ವಹಣೆ ಎಂಬ ಪಂಚಸೂತ್ರಗಳು ಗುಂಪಿನ ಆರೋಗ್ಯದ ಅಳತೆಗೋಲು.

ಕಾಗದದ ಮೇಲೆ ಇದು ಸರಳ. ನೆಲದ ಮೇಲೆ ವರ್ಷದ ಪ್ರತಿ ಋತುವಿಗೂ ಬೇರೆಯೇ ಲೆಕ್ಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಕಡಲ ಕೇರಿಗಳಲ್ಲಿ ಆದಾಯ ನಿಲ್ಲುವುದೂ ಶಾಲೆಯ ಖರ್ಚು ಬರುವುದೂ ಒಂದೇ ಹೊತ್ತಿಗೆ. ಆಗ ಗುಂಪಿನ ಉಳಿತಾಯ ತಪ್ಪಿದರೆ ಅದನ್ನು ಶಿಸ್ತಿನ ಲೋಪವೆಂದು ಬರೆಯಬೇಕೋ, ಕಾಲದ ಸ್ವಭಾವವೆಂದು ಬಿಡಬೇಕೋ ಎಂಬ ತೀರ್ಮಾನ ಅನುಭವದಿಂದಷ್ಟೇ ಬರುತ್ತದೆ. ನಾಟಿಯ ಕಾಲಕ್ಕೆ ಗದ್ದೆಯಲ್ಲಿರುವವರು ಹಗಲು ಸಭೆಗೆ ಬರಲಾರರು. ಗೇರುಬೀಜ ಕಾರ್ಖಾನೆಗೆ ಹೋಗುವ ಮಹಿಳೆಯರು ಕತ್ತಲಾಗುವ ಮುನ್ನ ಸಿಗುವುದಿಲ್ಲ. ಜಾತ್ರೆ, ಯಕ್ಷಗಾನದ ಹರಕೆ ಆಟಗಳ ತಿಂಗಳುಗಳಲ್ಲಿ ಸಂಜೆಯ ಸಭೆಯೂ ಕಷ್ಟ. ಮಾರ್ಚ್ ಬಂದೊಡನೆ ಬ್ಯಾಂಕ್ ಸಾಲ ಜೋಡಣೆಯ ವಾರ್ಷಿಕ ಗುರಿ ಎದುರಾಗುತ್ತದೆ.

ಗುಂಪು ಕಟ್ಟುವುದಕ್ಕಿಂತ ಹೊರಗುಳಿದವರನ್ನು ಒಳತರುವುದು ಕಠಿಣ. ಈ ಭಾಗದ ಕೊರಗ ಸಮುದಾಯವನ್ನು ಕೇಂದ್ರ ಸರಕಾರ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿದೆ. ಇಂಥ ಸಮುದಾಯಗಳಿಗೆ ಐದು ಸದಸ್ಯರ ಗುಂಪಿಗೂ ಅಭಿಯಾನದಲ್ಲಿ ಅವಕಾಶವಿದೆ. ಆದರೆ ಅವಕಾಶವಿರುವುದೂ ಅದು ಕೈಗೆಟಕುವುದೂ ಒಂದೇ ಅಲ್ಲ. ಕೊರಗರ ಕಾಲೊನಿಗೆ ಒಂದು ಬಾರಿ ಹೋಗಿ ಅರ್ಜಿ ತುಂಬಿಸಿಕೊಂಡು ಬಂದರೆ ಗುಂಪು ಕಾಗದದಲ್ಲಿ ಹುಟ್ಟುತ್ತದೆ, ಹತ್ತು ಬಾರಿ ಹೋದರೆ ಮಾತ್ರ ಊರಿನಲ್ಲಿ ಹುಟ್ಟುತ್ತದೆ. ಆ ಹತ್ತು ಭೇಟಿಗಳಿಗೆ ಪ್ರಗತಿ ವರದಿಯಲ್ಲಿ ಅಂಕಣವಿಲ್ಲ.

ಲೆಕ್ಕಕ್ಕೆ ಸಿಗುವುದು, ಸಿಗದಿರುವುದು

ಎಷ್ಟು ಗುಂಪು, ಎಷ್ಟು ಸಾಲ, ಮರುಪಾವತಿ ಶೇಕಡಾ ಎಷ್ಟು ಎಂಬ ಮೂರು ಪ್ರಶ್ನೆಗಳ ಸುತ್ತಲೇ ಪ್ರಗತಿ ಪರಿಶೀಲನಾ ಸಭೆಗಳು ನಡೆಯುತ್ತವೆ. ಕರಾವಳಿಯಲ್ಲಿ ಈ ಅಳತೆಗೆ ಒಂದು ಮೂಲಭೂತ ದೋಷವಿದೆ. ಸಾಲ ಸಿಗದ ಹಳ್ಳಿಗಳನ್ನು ಕಣ್ಣ ಮುಂದಿಟ್ಟುಕೊಂಡು ರೂಪಿಸಿದ ಅಭಿಯಾನ, ಸಾಲ ಕೊಡುವವರು ಹೆಚ್ಚಾಗಿರುವ ಹಳ್ಳಿಗಳಿಗೆ ಬಂದಿದೆ. ಒಬ್ಬ ಮಹಿಳೆ ಸ್ತ್ರೀಶಕ್ತಿ ಗುಂಪಿನಲ್ಲಿಯೂ ಧರ್ಮಸ್ಥಳ ಯೋಜನೆಯ ಸಂಘದಲ್ಲಿಯೂ ನವೋದಯದಲ್ಲಿಯೂ ಸಂಜೀವಿನಿಯಲ್ಲಿಯೂ ಸದಸ್ಯೆಯಾಗಿರುವುದು ಇಲ್ಲಿ ಅಪರೂಪವಲ್ಲ. ಇವುಗಳ ಜತೆಗೆ ಸಹಕಾರಿ ಸಂಘ, ಚಿನ್ನದ ಸಾಲ, ಖಾಸಗಿ ಕಿರುಸಾಲ ಕಂಪೆನಿ. ವಾರಕ್ಕೊಂದು ಕಂತು ಒಂದೊಂದು ಕಡೆಗೆ. ಒಂದು ಸಾಲವನ್ನು ತೀರಿಸಲು ಮತ್ತೊಂದು ಸಾಲ ಪಡೆದರೆ ಎಲ್ಲ ಪುಸ್ತಕಗಳಲ್ಲಿಯೂ ಮರುಪಾವತಿ ಉತ್ತಮವಾಗಿಯೇ ಕಾಣುತ್ತದೆ.

ಕಿರುಸಾಲ ವಸೂಲಾತಿಯ ಕಿರುಕುಳದ ದೂರುಗಳು ರಾಜ್ಯದ ಹಲವೆಡೆಯಿಂದ ಬಂದ ಬಳಿಕ 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ ಬಲವಂತದ ವಸೂಲಾತಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನು ಹೊರಡಿಸಿತು. ತಪ್ಪಿತಸ್ಥರಿಗೆ 10 ವರ್ಷಗಳವರೆಗೆ ಸೆರೆವಾಸ ಹಾಗೂ 5 ಲಕ್ಷ ರೂ.ವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಕಾನೂನು ವಸೂಲಿಗಾರನನ್ನು ಹೆದರಿಸಬಹುದು. ಆದರೆ ಸಾಲದ ಸುಳಿಗೆ ಬೀಳುವ ಮುನ್ನವೇ ಕುಟುಂಬವೊಂದನ್ನು ಗುರುತಿಸಿ ತಡೆಯುವ ಶಕ್ತಿ ಇರುವುದು ಗುಂಪಿನ ಸಭೆಗೆ, ಆ ಸಭೆಯನ್ನು ಗಮನಿಸುತ್ತಿರುವ ಕಾರ್ಯಕರ್ತೆಗೆ. ಇನ್ನಷ್ಟು ಸಾಲ ಕೊಡಿಸುವುದು ಆಕೆಯ ಗುರಿಯಾಗಿದ್ದರೆ, ಇನ್ನು ಸಾಲ ಬೇಡ ಎಂದು ಹೇಳುವ ಧೈರ್ಯ ಎಲ್ಲಿಂದ ಬರಬೇಕು?

ಸಾಲದ ಆಚೆಗೂ ಒಕ್ಕೂಟಗಳು ಬೆಳೆದಿರುವುದಕ್ಕೆ ಉದಾಹರಣೆಗಳಿವೆ. ತ್ಯಾಜ್ಯ ನಿರ್ವಹಣೆ ಅದರಲ್ಲಿ ಪ್ರಮುಖ. ಕುಂದಾಪುರ ತಾಲೂಕಿನ ವಂಡ್ಸೆ ಗ್ರಾಮ ಪಂಚಾಯತಿಯ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣಾ ಘಟಕ ಜಿಲ್ಲೆಯ ಹೊರಗೂ ಹೆಸರು ಮಾಡಿತು. ಮುಂದೆ ರಾಜ್ಯದಾದ್ಯಂತ ಗ್ರಾಮ ಪಂಚಾಯತಿಗಳು ಒಕ್ಕೂಟಗಳೊಂದಿಗೆ ಒಪ್ಪಂದ ಮಾಡಿಕೊಂಡು ಕಸ ಸಂಗ್ರಹದ ಹೊಣೆಯನ್ನು ಮಹಿಳೆಯರಿಗೆ ವಹಿಸಿದವು. ಕಸದ ವಾಹನ ಚಲಾಯಿಸುವ ತರಬೇತಿಯನ್ನೂ ಅವರು ಪಡೆದರು. ಗಂಡಸರ ಕೆಲಸವೆಂದು ತಿಳಿಯಲಾಗಿದ್ದ ಚಾಲನೆಗೆ ಸೀರೆಯ ಮೇಲೆ ಕೋಟು ಧರಿಸಿದ ಮಹಿಳೆ ಬಂದುದು ಸಣ್ಣ ಬದಲಾವಣೆಯೇನಲ್ಲ. ಆದರೆ ಮನೆಗಳಿಂದ ಶುಲ್ಕ ಸರಿಯಾಗಿ ಬಾರದಿದ್ದರೆ ಆಕೆಯ ವೇತನಕ್ಕೇ ಕುತ್ತು. ಶುಲ್ಕ ವಸೂಲಿಗೆ ಪಂಚಾಯತಿಯನ್ನು ಒಪ್ಪಿಸುವುದು, ಒಪ್ಪಂದ ನವೀಕರಿಸುವುದು, ಕಸ ಹೊರುವವರ ಗೌರವ ಕಾಪಾಡುವುದು ಮತ್ತೆ ಅದೇ ವ್ಯವಸ್ಥಾಪಕರ ಪಾಲಿಗೆ.

ಮಕ್ಕಳ ಪಂಚಾಯತಿಯ ಪಾಠ

ಸಮುದಾಯ ಕಾರ್ಯಕ್ರಮವೊಂದು ಸಾಲ, ಸಹಾಯಧನಗಳನ್ನು ಬಿಟ್ಟು ಧ್ವನಿ ಕೊಡುವ ಕೆಲಸಕ್ಕೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ಕುಂದಾಪುರದಲ್ಲೇ ಅಪೂರ್ವ ನಿದರ್ಶನವಿದೆ. ಬೆಂಗಳೂರಿನ ಹೋಟೆಲ್‌ಗಳಲ್ಲಿ ದುಡಿಯುತ್ತಿದ್ದ ಬಾಲಕರಲ್ಲಿ ಅನೇಕರು ಕರಾವಳಿಯ ಹಳ್ಳಿಗಳಿಂದ ಬಂದವರೆಂಬುದನ್ನು ಕಂಡ ‘ದುಡಿಯುವ ಮಕ್ಕಳಿಗಾಗಿ ಕಾಳಜಿ’ ಸಂಸ್ಥೆ, ಅಂದರೆ ಸಿಡಬ್ಲ್ಯುಸಿ, ಸಮಸ್ಯೆಯ ಬೇರು ಹುಡುಕಿಕೊಂಡು ಈ ತಾಲೂಕಿಗೆ ಬಂತು. ದುಡಿಯುವ ಮಕ್ಕಳದೇ ಸಂಘಟನೆಯಾದ ಭೀಮ ಸಂಘ 1990ರಲ್ಲಿ ರೂಪುಗೊಂಡಿತು. ಕುಂದಾಪುರ ಸಮೀಪದ ನಮ್ಮ ಭೂಮಿ ಆವರಣ ವೃತ್ತಿ ತರಬೇತಿಯ ಕೇಂದ್ರವಾಯಿತು.

1995ರಲ್ಲಿ ಇಲ್ಲಿನ ಕೆಲವು ಪಂಚಾಯತಿಗಳಲ್ಲಿ ಮಕ್ಕಳ ಪಂಚಾಯತಿಗಳು ಆರಂಭವಾದವು. ಮಕ್ಕಳೇ ಮತದಾನದ ಮೂಲಕ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಕಷ್ಟಕ್ಕೆ ಒದಗುವ ಹಿರಿಯರೊಬ್ಬರನ್ನು ಮಕ್ಕಳ ಮಿತ್ರರೆಂದು ಆರಿಸುವ ಕ್ರಮವೂ ಬಂತು. 1996ರ ನವೆಂಬರ್-ಡಿಸೆಂಬರ್‌ನಲ್ಲಿ ಏಷ್ಯ, ಆಫ್ರಿಕ ಮತ್ತು ಲ್ಯಾಟಿನ್ ಅಮೆರಿಕದ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲಿ ಸಭೆ ಸೇರಿ ಹತ್ತು ಅಂಶಗಳ ಘೋಷಣೆಯನ್ನು ಅಂಗೀಕರಿಸಿದರು. ತಮ್ಮ ಕುರಿತ ನಿರ್ಣಯಗಳಲ್ಲಿ ತಮ್ಮನ್ನು ಕೇಳಬೇಕು, ಬಡತನವೆಂಬ ಮೂಲ ಕಾರಣವನ್ನು ನಿವಾರಿಸಬೇಕು, ಮಕ್ಕಳು ವಲಸೆ ಹೋಗದಂತೆ ಹಳ್ಳಿಗಳಲ್ಲಿ ಹೆಚ್ಚು ಕೆಲಸ ಆಗಬೇಕು ಎಂಬುವು ಅದರ ಮುಖ್ಯ ಆಶಯಗಳು. ಮಕ್ಕಳ ದುಡಿಮೆಯನ್ನು ಸಂಪೂರ್ಣ ನಿಷೇಧಿಸಬೇಕೆಂಬ ವಾದಕ್ಕೂ ಈ ಘೋಷಣೆಗೂ ಭಿನ್ನಾಭಿಪ್ರಾಯ ಇದ್ದೇ ಇತ್ತು, ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಕುಂದಾಪುರದ ಹೆಸರು ಜಗತ್ತಿನ ಬಾಲಕಾರ್ಮಿಕ ಚರ್ಚೆಯಲ್ಲಿ ದಾಖಲಾಯಿತು. 2006ರಲ್ಲಿ ರಾಜ್ಯ ಸರಕಾರ ಎಲ್ಲ ಗ್ರಾಮ ಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಲು ಸೂಚಿಸಿದಾಗ ಅದಕ್ಕೆ ಬೆನ್ನೆಲುಬಾಗಿದ್ದುದು ಈ ಅನುಭವ.

ಮಕ್ಕಳು ಆ ವೇದಿಕೆಗಳಲ್ಲಿ ಕೇಳಿದ್ದು ದೊಡ್ಡ ಸಂಗತಿಗಳನ್ನಲ್ಲ. ಪದೇಪದೇ ಎದ್ದ ಬೇಡಿಕೆಗಳಲ್ಲೊಂದು ಕಾಲುಸಂಕ. ಹೊಳೆ, ತೋಡುಗಳಿಗೆ ಅಡ್ಡಲಾಗಿ ಅಡಿಕೆ ಮರದ ದಿಮ್ಮಿ ಹಾಸಿದ ಕಾಲುದಾರಿ ಮಳೆಗಾಲದಲ್ಲಿ ಜಾರುತ್ತದೆ, ಹಿಡಿಯಲು ಕೈತಾಂಗು ಇರುವುದಿಲ್ಲ. ದೊಡ್ಡವರ ಯೋಜನೆಯಲ್ಲಿ ರಸ್ತೆಗೆ ಇದ್ದ ಸ್ಥಾನ ಕಾಲುಸಂಕಕ್ಕೆ ಇರಲಿಲ್ಲ, ಏಕೆಂದರೆ ಅದನ್ನು ದಿನವೂ ಎರಡು ಬಾರಿ ದಾಟುತ್ತಿದ್ದವರು ಮಕ್ಕಳು.

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೇ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ನೀರಿಗೆ ಬಿದ್ದು ಮೃತಪಟ್ಟಳು. ಆ ಬಳಿಕ ಅಪಾಯಕಾರಿ ಕಾಲುಸಂಕಗಳ ಪ್ರಶ್ನೆ ರಾಜ್ಯದ ಗಮನ ಸೆಳೆಯಿತು. ಮಕ್ಕಳು ಕಾಲು ಶತಮಾನದ ಹಿಂದೆಯೇ ಬರೆದು ಕೊಟ್ಟಿದ್ದ ವಿಷಯ ಅದು. ಹೇಳುವವರು ಇಲ್ಲದುದರಿಂದ ಅನಾಹುತವಾಯಿತು ಎನ್ನುವಂತಿಲ್ಲ. ಹೇಳಿದ್ದನ್ನು ಒಂದು ಕಚೇರಿಯಿಂದ ಮತ್ತೊಂದು ಕಚೇರಿಗೆ, ಒಂದು ವರ್ಷದಿಂದ ಮತ್ತೊಂದು ವರ್ಷಕ್ಕೆ ಬಿಡದೆ ಬೆನ್ನುಹತ್ತಿ ಒಯ್ಯುವ ವ್ಯವಸ್ಥೆ ದುರ್ಬಲವಾಗಿತ್ತು.

ಸಮುದಾಯ ಕಾರ್ಯಕ್ರಮ ವ್ಯವಸ್ಥಾಪಕರ ಕೆಲಸದ ಮಹತ್ವ ಇಲ್ಲಿದೆ. ಸ್ವಸಹಾಯ ಗುಂಪುಗಳು ಪ್ರತಿವರ್ಷ ತಮ್ಮ ಊರಿನ ಅಗತ್ಯಗಳ ಪಟ್ಟಿ ತಯಾರಿಸಿ ಗ್ರಾಮಸಭೆಯ ಮೂಲಕ ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಗೆ ಸೇರಿಸುವ ಪದ್ಧತಿ ಈಗ ಜಾರಿಯಲ್ಲಿದೆ. ಪಟ್ಟಿ ಸಲ್ಲಿಸಿದರೆ ಗುರಿ ಮುಟ್ಟಿದಂತೆ. ಅದರಲ್ಲಿನ ಕಾಲುಸಂಕ ಮುಂದಿನ ಮಳೆಗಾಲದೊಳಗೆ ಆಯಿತೇ ಎಂದು ನೋಡುವುದು ಯಾರ ಗುರಿಯೂ ಅಲ್ಲ.

ಗುತ್ತಿಗೆಯ ನೆರಳು

ಇಷ್ಟೆಲ್ಲ ಹೊಣೆ ಹೊತ್ತವರ ಹುದ್ದೆಗಳಲ್ಲಿ ಬಹುಪಾಲು ಗುತ್ತಿಗೆ ಅಥವಾ ಹೊರಗುತ್ತಿಗೆಯವು. ಅವಧಿ ಮುಗಿದಾಗಲೆಲ್ಲ ನವೀಕರಣದ ಆತಂಕ. ಉತ್ತಮ ಅವಕಾಶ ಸಿಕ್ಕಿದೊಡನೆ ಬಿಟ್ಟುಹೋಗುವುದು ಸಹಜ. ಹೋಗುವಾಗ ಅವರೊಂದಿಗೆ ಹೋಗುವುದು ಕಡತಗಳಲ್ಲ. ಯಾವ ಗುಂಪು ಯಾವ ಜಗಳದಿಂದ ಒಡೆಯಿತು, ಯಾವ ಶಾಖೆಯ ಅಧಿಕಾರಿ ಯಾವ ಮಾತಿಗೆ ಒಲಿಯುತ್ತಾರೆ, ಯಾವ ಮನೆಯ ಗಂಡ ಕಂತಿನ ಹಣವನ್ನು ಕುಡಿತಕ್ಕೆ ಕಸಿಯುತ್ತಾನೆ ಎಂಬ ತಿಳಿವಳಿಕೆ. ಹೊಸಬರು ಮತ್ತೆ ಮೊದಲಿನಿಂದ ಆರಂಭಿಸಬೇಕು.

ಇದು ಒಂದೇ ಅಭಿಯಾನದ ಸಮಸ್ಯೆಯಲ್ಲ. 2023ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಮತ್ತು ಹೊರಗುತ್ತಿಗೆ ನೌಕರರು ಸೇವಾ ಭದ್ರತೆಗಾಗಿ ರಾಜ್ಯಾದ್ಯಂತ ಮುಷ್ಕರ ಹೂಡಿದ್ದರು. ಕಾಲಮಿತಿಯ ‘ಅಭಿಯಾನ’ಗಳ ಹೆಸರಿನಲ್ಲಿ ಶಾಶ್ವತ ಸ್ವರೂಪದ ಕೆಲಸಗಳನ್ನು ಮಾಡಿಸಿಕೊಳ್ಳುವ ಪದ್ಧತಿ ದೇಶದಾದ್ಯಂತ ಇದೆ. ಬಡತನ ಮೂರು ವರ್ಷಕ್ಕೆ ಮುಗಿಯುವುದಿಲ್ಲ, ಒಪ್ಪಂದ ಮಾತ್ರ ಮುಗಿಯುತ್ತದೆ.

ಕೆಳಹಂತದ ಮಹಿಳೆಯರ ಸ್ಥಿತಿ ಇನ್ನೂ ಸೂಕ್ಷ್ಮ. ಪುಸ್ತಕ ಬರಹಗಾರರು, ಸಖಿಯರು ಅಧಿಕೃತವಾಗಿ ಸರಕಾರದ ನೌಕರರಲ್ಲ, ಸಮುದಾಯದವರು. ಅವರಿಗೆ ದೊರೆಯುವುದು ಸಂಬಳವಲ್ಲ, ಗೌರವಧನ. ಆದರೆ ಆ್ಯಪ್‌ನಲ್ಲಿ ಮಾಹಿತಿ ತುಂಬುವುದು, ಸಮೀಕ್ಷೆ ನಡೆಸುವುದು, ತರಬೇತಿಗೆ ಜನ ಸೇರಿಸುವುದು ಎಲ್ಲವೂ ಆದೇಶದ ಭಾಷೆಯಲ್ಲೇ ಬರುತ್ತದೆ. ತಾಲೂಕು ಕೇಂದ್ರದ ಸಭೆಗೆ ಘಟ್ಟದ ಅಂಚಿನಿಂದ ಬರಬೇಕೆಂದರೆ ಅರ್ಧ ದಿನ ಬೇಕು. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗಷ್ಟೇ ಅನ್ವಯ. ಖಾಸಗಿ ಬಸ್‌ಗಳೇ ಪ್ರಧಾನವಾಗಿರುವ ಕರಾವಳಿಯಲ್ಲಿ ಅನೇಕ ಮಾರ್ಗಗಳಲ್ಲಿ ಟಿಕೆಟ್ ಕೊಳ್ಳದೆ ವಿಧಿಯಿಲ್ಲ. ಮಹಿಳಾ ಸಬಲೀಕರಣದ ಸಭೆಗೆ ಹೋಗಲು ಮಹಿಳೆ ತನ್ನ ಕೈಯಿಂದಲೇ ಬಸ್ ಚಾರ್ಜು ಕೊಡಬೇಕಾದ ಸನ್ನಿವೇಶ ವಿಪರ್ಯಾಸದ್ದು.

ಉತ್ತರದಾಯಿತ್ವ ಯಾರಿಗೆ?

ಸೇವಾ ಭದ್ರತೆ ಒಂದರಿಂದಲೇ ಎಲ್ಲವೂ ಸರಿಹೋಗದು. ಕಾಯಂ ನೌಕರಿಯ ಕಚೇರಿಗಳೆಲ್ಲ ಜನಪರವಾಗಿವೆ ಎಂದು ಯಾರೂ ಹೇಳಲಾರರು. ಮುಖ್ಯ ಪ್ರಶ್ನೆ, ಈ ವ್ಯವಸ್ಥಾಪಕರ ಕೆಲಸವನ್ನು ಅಳೆಯುವವರು ಯಾರು ಎಂಬುದು.

ಸದ್ಯದ ವ್ಯವಸ್ಥೆಯಲ್ಲಿ ವರದಿ ಮೇಲಕ್ಕೆ ಹೋಗುತ್ತದೆ: ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಬೆಂಗಳೂರಿಗೆ. 2021ರಲ್ಲಿ ಅವಧಿ ಮುಗಿದ ತಾಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯದಿದ್ದುದರಿಂದ ನಡುವೆ ಪ್ರಶ್ನಿಸಬೇಕಾದ ಜನಪ್ರತಿನಿಧಿಗಳ ಸಭೆ ಇಲ್ಲವಾಯಿತು. ಪಟ್ಟಣೀಕರಣ ಮತ್ತೊಂದು ತೊಡಕನ್ನು ತಂದಿದೆ. ಬೈಂದೂರು ಮತ್ತು ಸುತ್ತಲಿನ ಗ್ರಾಮಗಳು ಪಟ್ಟಣ ಪಂಚಾಯತಿಯ ವ್ಯಾಪ್ತಿಗೆ ಸೇರಿದವು. ಗ್ರಾಮೀಣ ಅಭಿಯಾನದ ಚೌಕಟ್ಟು ಗ್ರಾಮ ಪಂಚಾಯತಿಯನ್ನು ಆಧರಿಸಿದ್ದು. ಕಾಗದದಲ್ಲಿ ಊರು ಪಟ್ಟಣವಾದರೂ ಗದ್ದೆ ಗದ್ದೆಯಾಗಿಯೇ ಇರುತ್ತದೆ, ಗುಂಪಿನ ಮಹಿಳೆಯರೂ ಅವರೇ. ಅವರನ್ನು ಯಾವ ಪಟ್ಟಿಯಲ್ಲಿ ಬರೆಯಬೇಕೆಂಬುದು ಮಾತ್ರ ಬದಲಾಗುತ್ತದೆ.

ನೆರೆಯ ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀಯ ಅನುಭವ ಈ ಹಿನ್ನೆಲೆಯಲ್ಲಿ ಗಮನಾರ್ಹ. ಕಾಸರಗೋಡಿನ ಕನ್ನಡ ಮಹಿಳೆಯರೂ ಅದರ ಸದಸ್ಯರು. ನೆರೆಕೂಟ, ವಾರ್ಡ್ ಮಟ್ಟದ ಸಂಘ, ಪಂಚಾಯತಿ ಮಟ್ಟದ ಸಂಘ ಎಂಬ ಮೂರು ಹಂತಗಳಿಗೂ ಕಾಲಕಾಲಕ್ಕೆ ಚುನಾವಣೆ ನಡೆಯುತ್ತದೆ. ಮೇಲ್ಹಂತದ ಅಧಿಕಾರಿಗಳಲ್ಲಿ ಹಲವರು ಸರಕಾರಿ ಇಲಾಖೆಗಳಿಂದ ನಿಯೋಜನೆಯ ಮೇಲೆ ಬರುತ್ತಾರೆ. ಅಲ್ಲಿಯೂ ರಾಜಕೀಯ ಹಸ್ತಕ್ಷೇಪದ ದೂರು ಇಲ್ಲದಿಲ್ಲ. ಆದರೆ ಸಂಘಟನೆ ಅಧಿಕಾರಿಗಳ ಬದಲಾವಣೆಯನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಿದೆ, ಏಕೆಂದರೆ ಅದರ ನೆನಪು ಚುನಾಯಿತ ಮಹಿಳೆಯರಲ್ಲಿ ಉಳಿಯುತ್ತದೆ.

ಉಡುಪಿ ಜಿಲ್ಲೆಗೆ ಇಂಥ ದಾರಿ ಅಸಾಧ್ಯವೇನಲ್ಲ. ಅಕ್ಷರ ಬಲ್ಲ, ಲೆಕ್ಕ ಬಲ್ಲ, ದಶಕಗಳಿಂದ ಗುಂಪು ನಡೆಸಿ ಅನುಭವವುಳ್ಳ ಮಹಿಳೆಯರು ಇಲ್ಲಿದ್ದಾರೆ. ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಸ್ವ ಉದ್ಯೋಗ ತರಬೇತಿ ನೀಡುವ ರುಡ್‌ಸೆಟ್ ಸಂಸ್ಥೆಯಿದೆ. ಬೇಕಾಗಿರುವುದು ಮೂರು ನಿರ್ಧಾರಗಳು. ಒಂದು, ವ್ಯವಸ್ಥಾಪಕರ ಒಪ್ಪಂದವನ್ನು ನವೀಕರಿಸುವಾಗ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟಗಳ ಲಿಖಿತ ಅಭಿಪ್ರಾಯಕ್ಕೆ ಬೆಲೆ ಕೊಡುವುದು. ಎರಡು, ಸಾಲದ ಮೊತ್ತದ ಜತೆಗೆ ಕುಟುಂಬದ ಒಟ್ಟು ಸಾಲದ ಹೊರೆಯನ್ನೂ, ಗ್ರಾಮಸಭೆಗೆ ಸಲ್ಲಿಸಿದ ಬೇಡಿಕೆಗಳಲ್ಲಿ ಈಡೇರಿದವೆಷ್ಟು ಎಂಬುದನ್ನೂ ಪ್ರಗತಿಯ ಅಳತೆಗೆ ಸೇರಿಸುವುದು. ಮೂರು, ಕ್ಷೇತ್ರಕ್ಕೆ ಹೋಗುವವರ ಪ್ರಯಾಣ ವೆಚ್ಚವನ್ನು ದೂರಕ್ಕೂ ಮಳೆಗಾಲಕ್ಕೂ ತಕ್ಕಂತೆ ಮುಂಗಡವಾಗಿ ನೀಡುವುದು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಕಾಗಿಲ್ಲ.

ಪಿಗ್ಮಿ ಸಂಗ್ರಾಹಕರ ಕಾಲದಲ್ಲಿ ಬ್ಯಾಂಕಿಗೆ ಊರಿನ ಮೇಲೆ ನಂಬಿಕೆ ಬಂದುದು ಅದೇ ವ್ಯಕ್ತಿ ಅದೇ ದಾರಿಯಲ್ಲಿ ವರ್ಷಾನುಗಟ್ಟಲೆ ನಡೆದುದರಿಂದ. ಊರಿಗೆ ಬ್ಯಾಂಕಿನ ಮೇಲೆ ನಂಬಿಕೆ ಬಂದುದೂ ಅದೇ ಕಾರಣಕ್ಕೆ. ಇಂದು ಯೋಜನೆಗಳು ಹೆಚ್ಚಾಗಿವೆ, ಹಣವೂ ಹೆಚ್ಚಾಗಿದೆ. ಆ ದಾರಿಯಲ್ಲಿ ನಡೆಯುವವರನ್ನು ಮುಂದಿನ ಮಳೆಗಾಲದವರೆಗೂ ಉಳಿಸಿಕೊಳ್ಳುವ ಖಾತರಿ ಮಾತ್ರ ಯಾವ ಯೋಜನೆಯಲ್ಲಿಯೂ ಇಲ್ಲ.